ಬ್ರಿಟನ್ನಿನ ಬಾಕ್ಸ್ ಆಫೀಸ್: ನಾನು ಲೆಕ್ಕ ಇಡುವ ರೀತಿ, ಅಂದಾಜು ಹಾಕುವ ರೀತಿ

ಮೊದಲ ವಾರಾಂತ್ಯದ ಗಳಿಕೆಯನ್ನು ಮೂರರಿಂದ ಗುಣಿಸಿದರೆ ಕೊನೆಯ ಮೊತ್ತ ಸಿಗುತ್ತದೆ ಎಂಬ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ಬ್ರಿಟನ್ನಿನ ಮಟ್ಟಿಗೆ ಇದನ್ನು ನಂಬಬೇಡಿ. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಗುರುವಾರವೂ ಸೇರಿದ ಮೊದಲ ವಾರಾಂತ್ಯದಲ್ಲಿ ಸುಮಾರು 4.3 ಕೋಟಿ ಪೌಂಡ್ ಗಳಿಸಿ, ಕೊನೆಗೆ ನಿಂತದ್ದು 8.9 ಕೋಟಿಯ ಹತ್ತಿರ. ಎರಡು ಪಟ್ಟು, ಅಷ್ಟೇ. 2023ರ ಜುಲೈನಲ್ಲಿ ಬಂದ ‘ಬಾರ್ಬಿ’ 1.85 ಕೋಟಿಯಿಂದ ಶುರುವಾಗಿ 9.5 ಕೋಟಿ ದಾಟಿತು, ಅಂದರೆ ಐದು ಪಟ್ಟು. 2008ರ ‘ಮಮ್ಮಾ ಮಿಯಾ!’ ಮೊದಲ ವಾರಾಂತ್ಯದಲ್ಲಿ ಸುಮಾರು 66 ಲಕ್ಷ ಗಳಿಸಿ 6.9 ಕೋಟಿಯವರೆಗೆ ಓಡಿತು. ಅದು ಹತ್ತು ಪಟ್ಟು! ಎರಡರಿಂದ ಹತ್ತರವರೆಗೆ ಹರಡಿರುವುದಕ್ಕೆ ಸರಾಸರಿ ಹಿಡಿದು ಪ್ರಯೋಜನವಿಲ್ಲ. ಯಾವ ಸಿನಿಮಾ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಆದಷ್ಟು ಬೇಗ ಪತ್ತೆ ಹಚ್ಚುವುದೇ ಕೆಲಸ. ಅದಕ್ಕೆ ನಾನು ನೆಚ್ಚಿಕೊಂಡಿರುವುದು ವಾರಾಂತ್ಯವನ್ನಲ್ಲ, ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ದಿನಗಳನ್ನು.

ಮೊದಲು ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಚಿತ್ರಮಂದಿರಗಳಿಂದ ದಿನದಿನದ ಗಳಿಕೆ ಸಂಗ್ರಹಿಸುವುದು ಕಾಮ್‌ಸ್ಕೋರ್ ಎಂಬ ಕಂಪನಿ. ಆ ದಿನವಹಿ ಮಾಹಿತಿ ಹಣ ಕೊಟ್ಟ ವಿತರಕರಿಗೆ, ಪ್ರದರ್ಶಕರಿಗೆ ಮಾತ್ರ. ನಮ್ಮಂಥವರಿಗೆ ಉಚಿತವಾಗಿ ಸಿಗುವುದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರತಿ ವಾರ ಹಾಕುವ ಎಕ್ಸೆಲ್ ಶೀಟ್. ಮೇಲಿನ 15 ಸಿನಿಮಾಗಳು, ಅವುಗಳ ಕೆಳಗೆ ಉಳಿದ ಬ್ರಿಟಿಷ್ ಚಿತ್ರಗಳು ಮತ್ತು ಆ ವಾರದ ಹೊಸ ಬಿಡುಗಡೆಗಳು. ಪ್ರತಿ ಸಾಲಿನಲ್ಲಿ ಶುಕ್ರವಾರದಿಂದ ಭಾನುವಾರದ ಗಳಿಕೆ, ವಿತರಕರ ಹೆಸರು, ಹಿಂದಿನ ವಾರಕ್ಕೆ ಹೋಲಿಸಿದ ಏರಿಳಿತ, ಎಷ್ಟನೇ ವಾರ, ಎಷ್ಟು ಚಿತ್ರಮಂದಿರ, ಒಂದೊಂದರ ಸರಾಸರಿ, ಈವರೆಗಿನ ಒಟ್ಟು ಮೊತ್ತ ಇರುತ್ತವೆ. ಇಷ್ಟು ಸಾಕು.

ಶೀಟ್ ಓದುವಾಗ ಮೂರು ವಿಷಯ ನೆನಪಿರಲಿ. ಈ ವ್ಯಾಪಾರದಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಗಣರಾಜ್ಯ ಒಂದೇ ಪ್ರದೇಶ. ಡಬ್ಲಿನ್‌ನ ಯೂರೋ ಕೂಡ ಪೌಂಡಾಗಿ ಇದರೊಳಗೇ ಸೇರಿರುತ್ತದೆ. ಎರಡನೆಯದು, ಶೀಟಿನಲ್ಲಿರುವುದು ಚಿತ್ರಮಂದಿರಗಳ ಸಂಖ್ಯೆ, ತೆರೆಗಳದ್ದಲ್ಲ. 12 ತೆರೆಯ ಮಲ್ಟಿಪ್ಲೆಕ್ಸ್‌ನಲ್ಲಿ ಐದು ತೆರೆಗಳಲ್ಲಿ ಓಡಿದರೂ ಲೆಕ್ಕಕ್ಕೆ ಒಂದೇ. ಮೂರನೆಯದು ತೆರಿಗೆ. ಈ ಮೊತ್ತದೊಳಗೆ ಶೇ. 20ರ ವ್ಯಾಟ್ ಇದೆ. ನಿರ್ಮಾಪಕರಿಗೆ ಎಷ್ಟು ಬರಬಹುದು ಎಂದು ಲೆಕ್ಕ ಹಾಕುವವರು ಮೊದಲು 1.2ರಿಂದ ಭಾಗಿಸಬೇಕು, ಪ್ರದರ್ಶಕರೂ ವಿತರಕರೂ ಹಂಚಿಕೊಳ್ಳುವುದು ಆಮೇಲೆ ಉಳಿದದ್ದನ್ನು. ಕೋವಿಡ್ ಕಾಲದಲ್ಲಿ ಈ ದರ 2020ರ ಜುಲೈನಿಂದ ಶೇ. 5, 2021ರ ಅಕ್ಟೋಬರ್‌ನಿಂದ 2022ರ ಮಾರ್ಚ್ ಕೊನೆಯವರೆಗೆ ಶೇ. 12.5 ಇತ್ತು, ಹಾಗಾಗಿ ಆ ಅವಧಿಯ ಚಿತ್ರಗಳನ್ನು ಬೇರೆಯಾಗಿ ಗುರುತು ಹಾಕಿಟ್ಟಿದ್ದೇನೆ. ಐರ್ಲೆಂಡಿನ ತೆರಿಗೆ ದರ ಬೇರೆಯಾದ್ದರಿಂದ ಇಡೀ ಮೊತ್ತವನ್ನು 1.2ರಿಂದ ಭಾಗಿಸಿದರೆ ಸಿಗುವುದು ಹತ್ತಿರದ ಅಂದಾಜು ಮಾತ್ರ.

ಡಾಲರ್‌ನಲ್ಲಿ ತೋರಿಸುವ ಅಮೆರಿಕದ ತಾಣಗಳಿಂದ ಬ್ರಿಟನ್ನಿನ ಅಂಕಿ ಎತ್ತಬೇಡಿ. ವಾರದಿಂದ ವಾರಕ್ಕೆ ವಿನಿಮಯ ದರ ಅಲುಗಾಡಿದರೆ ಸಿನಿಮಾ ಬಿದ್ದಂತೆಯೋ ಎದ್ದಂತೆಯೋ ಕಾಣುತ್ತದೆ, ನಿಜದಲ್ಲಿ ಏನೂ ಆಗಿರುವುದಿಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ವಾರದ ನಡುವಿನ ಗಳಿಕೆ ಶೀಟಿನಲ್ಲಿ ಎಲ್ಲೂ ಬರೆದಿರುವುದಿಲ್ಲ, ಆದರೆ ಎರಡು ವಾರದ ಶೀಟ್ ಅಕ್ಕಪಕ್ಕ ಇಟ್ಟರೆ ಹೊರಡುತ್ತದೆ. ಈ ವಾರದ ಒಟ್ಟು ಮೊತ್ತದಿಂದ ಈ ವಾರಾಂತ್ಯದ ಗಳಿಕೆಯನ್ನು ಕಳೆಯಿರಿ, ಹಿಂದಿನ ವಾರದ ಒಟ್ಟು ಮೊತ್ತವನ್ನೂ ಕಳೆಯಿರಿ. ಉಳಿದದ್ದು ಸೋಮವಾರದಿಂದ ಗುರುವಾರದವರೆಗಿನ ಗಳಿಕೆ. ಅದನ್ನು ಹಿಂದಿನ ವಾರಾಂತ್ಯದ ಗಳಿಕೆಯಿಂದ ಭಾಗಿಸಿದರೆ ಬರುವ ಅನುಪಾತವೇ ನನಗೆ ಬೇಕಾದ ಅಂಕಿ.

ಉದಾಹರಣೆಗೆ ಒಂದು ಕಾಲ್ಪನಿಕ ಸಿನಿಮಾ ತೆಗೆದುಕೊಳ್ಳಿ. ಮೊದಲ ಶೀಟಿನಲ್ಲಿ 32 ಲಕ್ಷ ಪೌಂಡ್, ಅದರಲ್ಲಿ 4 ಲಕ್ಷ ಮುಂಚಿತ ಪ್ರದರ್ಶನಗಳದ್ದು. ಎರಡನೇ ಶೀಟಿನಲ್ಲಿ ವಾರಾಂತ್ಯ 17.8 ಲಕ್ಷ, ಒಟ್ಟು 62.5 ಲಕ್ಷ. 62.5ರಿಂದ 17.8 ಕಳೆದು, ಮತ್ತೆ 32 ಕಳೆದರೆ 12.7 ಲಕ್ಷ. ಮುಂಚಿತ ಪ್ರದರ್ಶನಗಳನ್ನು ಬಿಟ್ಟರೆ ನಿಜವಾದ ಮೊದಲ ವಾರಾಂತ್ಯ 28 ಲಕ್ಷ, ಹಾಗಾಗಿ ಅನುಪಾತ ಶೇ. 45. ಶೀಟ್ ತೋರಿಸುವ ಇಳಿತ ಶೇ. 44, ನಿಜವಾದ ಇಳಿತ ಶೇ. 36. ಶೇ. 44 ನೋಡಿದವರು ಸಿನಿಮಾ ಕುಸಿಯಿತು ಅನ್ನುತ್ತಾರೆ, ಶೇ. 36 ನೋಡಿದವರು ಚೆನ್ನಾಗಿ ನಿಂತಿದೆ ಅನ್ನುತ್ತಾರೆ. ಮುಂಚಿತ ಪ್ರದರ್ಶನದ ಹಣ ಅಧಿಕೃತ ವಾರಾಂತ್ಯದೊಳಗೇ ಸೇರಿಬಿಡುವುದು ಇಲ್ಲಿ ಮಾಮೂಲು. ಸೇರಿದೆ ಎಂಬ ಟಿಪ್ಪಣಿ ಶೀಟಿನ ಅಡಿಯಲ್ಲಿ ಇರುತ್ತದೆ. ಅದನ್ನು ಓದದೆ ಒಂದು ಅಂಕಿಯನ್ನೂ ನನ್ನ ಫೈಲಿಗೆ ಇಳಿಸುವುದಿಲ್ಲ.

ಇದೇ ಸಿನಿಮಾದ ಕೊನೆಯ ಮೊತ್ತ? ಎರಡನೇ ವಾರದ ನಡುದಿನಗಳಿಗೆ 7.5 ಲಕ್ಷ ಇಟ್ಟರೆ 70 ಲಕ್ಷ. ಮೂರನೇ ವಾರದಿಂದ ಪ್ರತಿ ವಾರಾಂತ್ಯವೂ ಹಿಂದಿನದರ ಶೇ. 60 ಉಳಿಸಿಕೊಳ್ಳುತ್ತದೆ, ನಡುದಿನಗಳು ವಾರಾಂತ್ಯದ ಶೇ. 40 ತರುತ್ತವೆ ಅಂದುಕೊಳ್ಳಿ. ಮೂರನೇ ವಾರಾಂತ್ಯ 10.7, ಇಡೀ ವಾರ ಸುಮಾರು 15 ಲಕ್ಷ. ಈ ವಾರವೂ ಮುಂದಿನ ಎಲ್ಲ ವಾರಗಳೂ ಸೇರಿ 15 ಭಾಗಿಸು 0.4 (1ರಿಂದ ಉಳಿಕೆಯ 0.6 ಕಳೆದದ್ದು), ಅಂದರೆ ಸುಮಾರು 37 ಲಕ್ಷ. ಒಟ್ಟು 1.07 ಕೋಟಿ. ಉಳಿಕೆ ಶೇ. 55 ಆದರೆ ಇದು ಒಂದು ಕೋಟಿಗೆ ಇಳಿಯುತ್ತದೆ, ಶೇ. 65 ಆದರೆ 1.16 ಕೋಟಿಗೆ ಏರುತ್ತದೆ. ಆದ್ದರಿಂದ ಒಂದೇ ಅಂಕಿ ಹೇಳದೆ ವ್ಯಾಪ್ತಿ ಹೇಳುತ್ತೇನೆ. ಇನ್ನೊಂದು ಎಚ್ಚರಿಕೆ: ಈ ಸೂತ್ರದ ಬಾಲ ಉದ್ದವಾಗಿ ಎಳೆಯುತ್ತದೆ, ಚಿತ್ರಮಂದಿರಗಳು ಹಾಗೆ ಎಳೆಯುವುದಿಲ್ಲ. ಕೋವಿಡ್‌ಗೆ ಮೊದಲು ಸಿನಿಮಾ ಮನೆಗೆ ಬರಲು ಸುಮಾರು 16 ವಾರ ಹಿಡಿಯುತ್ತಿತ್ತು. ಈಗ ಆ ಅಂತರ ತೀರಾ ಕುಗ್ಗಿದೆ. ಬಾಡಿಗೆಗೆ ಬರುವ ದಿನಾಂಕ ಗೊತ್ತಾದ ಕೂಡಲೇ ಅಲ್ಲಿಂದ ಮುಂದಿನ ವಾರಗಳನ್ನು ಲೆಕ್ಕದಿಂದ ಅರ್ಧಕ್ಕೂ ಹೆಚ್ಚು ಕತ್ತರಿಸುತ್ತೇನೆ.

ನಡುವಾರದ ಅನುಪಾತ ಎಷ್ಟಿದ್ದರೆ ಒಳ್ಳೆಯದು ಎಂಬುದು ಕ್ಯಾಲೆಂಡರನ್ನು ಅವಲಂಬಿಸಿರುತ್ತದೆ. ಶಾಲೆ ನಡೆಯುವಾಗ ಮಕ್ಕಳ ಚಿತ್ರಕ್ಕೆ ನಡುವಾರ ಹೆಚ್ಚುಕಡಿಮೆ ಸತ್ತಂತೆಯೇ. ಅದೇ ಚಿತ್ರ ಫೆಬ್ರವರಿಯ ಅರ್ಧಾವಧಿ ರಜೆಯಲ್ಲೋ ಈಸ್ಟರ್‌ನಲ್ಲೋ ಜುಲೈ ಕೊನೆಯಿಂದ ಶುರುವಾಗುವ ಬೇಸಿಗೆ ರಜೆಯಲ್ಲೋ ವಾರಾಂತ್ಯದಷ್ಟೇ ಹಣವನ್ನು ನಡುವಾರದಲ್ಲಿ ತರಬಲ್ಲದು. ಅಲ್ಲಿ ಶೇ. 80 ಕಂಡರೆ ಹಿಗ್ಗಬೇಕಿಲ್ಲ, ರಜೆ ಮುಗಿದ ವಾರ ಅರ್ಧಕ್ಕೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಶಾಲೆ ನಡೆಯುತ್ತಿರುವಾಗ ವಯಸ್ಕರ ಚಿತ್ರವೊಂದು ಶೇ. 60 ದಾಟಿದರೆ ಕಿವಿ ನೆಟ್ಟಗಾಗಬೇಕು. ನಿವೃತ್ತರು ಹಗಲಿನ ಆಟಗಳಿಗೆ ಬರುತ್ತಿದ್ದಾರೆ, ಬಾಯಿಂದ ಬಾಯಿಗೆ ಮಾತು ಹರಡುತ್ತಿದೆ ಎಂದರ್ಥ. ಅಂಥ ಚಿತ್ರ ಎರಡನೇ, ಮೂರನೇ ವಾರಾಂತ್ಯದಲ್ಲಿ ಅಲುಗದೆ ನಿಲ್ಲುವ ಸಾಧ್ಯತೆ ಹೆಚ್ಚು.

ಸ್ಕಾಟ್ಲೆಂಡಿನ ಬೇಸಿಗೆ ರಜೆ ಜೂನ್ ಕೊನೆಗೇ ಶುರುವಾಗಿ ಆಗಸ್ಟ್ ಮಧ್ಯಕ್ಕೆ ಮುಗಿಯುತ್ತದೆ, ಐರ್ಲೆಂಡಿನಲ್ಲೂ ಪ್ರಾಥಮಿಕ ಶಾಲೆಗಳು ಜೂನ್ ಕೊನೆಗೆ ಮುಚ್ಚುತ್ತವೆ. ಹಾಗಾಗಿ ಜುಲೈ ಮೊದಲೆರಡು ವಾರ ಮಕ್ಕಳ ಚಿತ್ರದ ನಡುವಾರ ಅರೆಬರೆ ಏರುತ್ತದೆ, ಇಂಗ್ಲೆಂಡ್ ರಜೆಗೆ ಸೇರಿದ ಮೇಲೆ ಪೂರ್ತಿ. ನನ್ನ ಫೈಲಿನಲ್ಲಿ ಪ್ರತಿ ವಾರದ ಎದುರು ಮೂರೂ ಕಡೆಯ ರಜೆಗೆ ಒಂದೊಂದು ಕಾಲಮ್ ಇದೆ. ಬ್ಯಾಂಕ್ ರಜೆಯ, ಅಂದರೆ ಸಾರ್ವಜನಿಕ ರಜೆಯ ಸೋಮವಾರ ಬಂದರೆ ಭಾನುವಾರ ರಾತ್ರಿಯ ಆಟ ತುಂಬುತ್ತದೆ, ಸೋಮವಾರದ ಹಣ ಮಾತ್ರ ವಾರಾಂತ್ಯಕ್ಕೆ ಸೇರದೆ ನಡುವಾರಕ್ಕೆ ಹೋಗುತ್ತದೆ. ಡಿಸೆಂಬರ್ 25ರಂದು ಬಹುತೇಕ ಎಲ್ಲ ಚಿತ್ರಮಂದಿರಗಳೂ ಮುಚ್ಚಿರುತ್ತವೆ, ಅದು ಶನಿವಾರವಾದರೆ ವಾರಾಂತ್ಯದ ಹೋಲಿಕೆಯೇ ಕೆಟ್ಟಿತು. ರಾಣಿಯ ಅಂತ್ಯಕ್ರಿಯೆ ನಡೆದ 2022ರ ಸೆಪ್ಟೆಂಬರ್ 19ರಂದೂ ಹೆಚ್ಚಿನವು ಮುಚ್ಚಿದ್ದವು, ಅದು ಸೋಮವಾರ. ಇಂಗ್ಲೆಂಡ್ ತಂಡ ಯೂರೋ ಫುಟ್‌ಬಾಲ್ ಫೈನಲ್ ಆಡಿದ 2021ರ ಜುಲೈ 11 ಮತ್ತು 2024ರ ಜುಲೈ 14, ಎರಡೂ ಭಾನುವಾರ ಸಂಜೆಗಳು. ಅಂಥ ವಾರದ ಇಳಿತಕ್ಕೆ ಚಿತ್ರವನ್ನು ದೂರಬಾರದು.

ಮಂಗಳವಾರ, ಬುಧವಾರ ಒಂದು ಟಿಕೆಟ್‌ಗೆ ಇನ್ನೊಂದು ಉಚಿತ ಎಂಬ, ‘ಕಂಪೇರ್ ದಿ ಮಾರ್ಕೆಟ್’ ತಾಣದ ಮೀರ್‌ಕ್ಯಾಟ್ ಕೊಡುಗೆ 2015ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಆರೆಂಜ್ ಎಂಬ ಮೊಬೈಲ್ ಕಂಪನಿಯ ಬುಧವಾರದ ಕೊಡುಗೆ ಇತ್ತು. ಆದ್ದರಿಂದ 2015ಕ್ಕಿಂತ ಹಿಂದಿನ ನಡುವಾರದ ಅನುಪಾತವನ್ನು ಇಂದಿನದಕ್ಕೆ ನೇರವಾಗಿ ತಾಳೆ ಹಾಕುವುದಿಲ್ಲ. ಟಿಕೆಟ್ ಮೂರು ಪೌಂಡ್ ಇದ್ದ 2022ರ ಸೆಪ್ಟೆಂಬರ್ 3ರ ರಾಷ್ಟ್ರೀಯ ಸಿನಿಮಾ ದಿನದಂಥ ಶನಿವಾರಗಳಲ್ಲಿ ಜನ ಕಿಕ್ಕಿರಿದರೂ ಹಣ ಅಷ್ಟು ಏರುವುದಿಲ್ಲ. ಮಕ್ಕಳಿಗಾಗಿ ಬೆಳಗಿನ ಅಗ್ಗದ ಆಟಗಳಿವೆಯಲ್ಲ, ಅವುಗಳಿಂದಾಗಿ ಹಳೆಯ ಕಾರ್ಟೂನ್ ಚಿತ್ರ ಹತ್ತಾರು ವಾರಗಳ ನಂತರವೂ ಪಟ್ಟಿಯಲ್ಲಿ ತಲೆ ಎತ್ತುತ್ತದೆ. ಚಿತ್ರಮಂದಿರ ಸಾಕಷ್ಟು, ಸರಾಸರಿ ತೀರಾ ಕಡಿಮೆ ಇದ್ದರೆ ಅದೇ ಕಾರಣ.

ಬಿಡುಗಡೆಗೆ ಮೊದಲೇ ಅಂದಾಜು ಬೇಕಾದರೆ ಟಿಕೆಟ್ ಕಾಯ್ದಿರಿಸುವ ತಾಣಗಳಲ್ಲಿ ಕಾಣುವ ಸೀಟ್ ಮ್ಯಾಪ್ ಎಣಿಸಬೇಕು. ದೊಡ್ಡ ಸರಣಿಗಳಾದ ಓಡಿಯನ್, ವ್ಯೂ, ಸಿನಿವರ್ಲ್ಡ್ ಮೂರರಿಂದಲೂ ಚಿತ್ರಮಂದಿರಗಳನ್ನು ಆರಿಸಿ: ದೊಡ್ಡ ನಗರದ ಮಧ್ಯದ್ದು, ಹೊರವಲಯದ್ದು, ಸಣ್ಣ ಊರಿನದು, ಸ್ಕಾಟ್ಲೆಂಡಿನದು, ಐರ್ಲೆಂಡಿನದು. ಒಮ್ಮೆ ಆರಿಸಿದ ಪಟ್ಟಿಯನ್ನು ಬದಲಿಸಬೇಡಿ. ಗುರುವಾರ ರಾತ್ರಿ ಒಂದೇ ಹೊತ್ತಿಗೆ ಕೂತು ಶುಕ್ರವಾರದಿಂದ ಭಾನುವಾರದವರೆಗಿನ ಎಲ್ಲ ಆಟಗಳ ತುಂಬಿದ ಸೀಟು ಎಣಿಸಿ. ಅದನ್ನು ಟಿಕೆಟ್ ದರದಿಂದ ಗುಣಿಸಲು ಹೋಗಬೇಡಿ. ಲಂಡನ್ನಿನ ವೆಸ್ಟ್ ಎಂಡ್ ದರಕ್ಕೂ ಉತ್ತರದ ಸಣ್ಣ ಊರಿನ ದರಕ್ಕೂ ಮೂರು ನಾಲ್ಕು ಪಟ್ಟು ವ್ಯತ್ಯಾಸವಿದೆ, ತಿಂಗಳ ಚಂದಾ ಕಾರ್ಡಿನವರು ಬೇರೆ. ಬದಲಿಗೆ ಅದೇ ಜಾತಿಯ ಹಿಂದಿನ ಚಿತ್ರಕ್ಕೆ ಅದೇ ಪಟ್ಟಿಯಲ್ಲಿ, ಅದೇ ಗುರುವಾರ ರಾತ್ರಿ ಎಷ್ಟು ತುಂಬಿತ್ತೋ ಅದರೊಂದಿಗೆ ಅನುಪಾತ ತೆಗೆದು, ಆ ಚಿತ್ರದ ಮೊದಲ ವಾರಾಂತ್ಯಕ್ಕೆ ಗುಣಿಸಿ.

ಇದು ಕೈಕೊಡುವ ಕಡೆಗಳಿವೆ. ಗಾಲಿಕುರ್ಚಿಯವರ ಜಾಗ, ಅದರ ಪಕ್ಕದ ಸೀಟು ಕೆಲವು ತಾಣಗಳಲ್ಲಿ ಮಾರಾಟವಾದಂತೆಯೇ ಕಾಣುತ್ತವೆ. ಯಾರೂ ಕೊಳ್ಳದ ಬೆಳಗಿನ ಆಟ ತೆರೆದು ಅವೆಷ್ಟೆಂದು ಮೊದಲೇ ಎಣಿಸಿ ಕಳೆಯುತ್ತೇನೆ. ಯಾರೋ ಪಾವತಿ ಮಾಡುತ್ತಿರುವ ಸೀಟು ಕೆಲವು ನಿಮಿಷ ತುಂಬಿದಂತೆ ತೋರಿ ಮತ್ತೆ ಖಾಲಿಯಾಗುತ್ತದೆ. ಚಂದಾದಾರರಿಗಷ್ಟೇ ಇಡುವ ಪ್ರದರ್ಶನಗಳನ್ನು ಪೂರ್ತಿ ಬಿಡಬೇಕು. ಅಭಿಮಾನಿಗಳ ಚಿತ್ರ ವಾರಗಳ ಮೊದಲೇ ಮಾರಾಟವಾಗುತ್ತದೆ, ಕುಟುಂಬದ ಚಿತ್ರಕ್ಕೆ ಜನ ಬಾಗಿಲಲ್ಲೇ ಟಿಕೆಟ್ ಕೊಳ್ಳುತ್ತಾರೆ. ಒಂದನ್ನು ಇನ್ನೊಂದಕ್ಕೆ ಹೋಲಿಸಿದರೆ ಲೆಕ್ಕ ಎರಡು ಪಟ್ಟು ತಪ್ಪುವುದುಂಟು. ಚಿತ್ರದ ವಯೋಮಿತಿಯ ಸರ್ಟಿಫಿಕೇಟನ್ನೂ ನೋಡಿಕೊಳ್ಳಿ. 12ಎ ಆದರೆ ದೊಡ್ಡವರ ಜೊತೆ 12ಕ್ಕಿಂತ ಚಿಕ್ಕವರು ಬರಬಹುದು, 15 ಆದರೆ 15 ತುಂಬದವರನ್ನು ಅಪ್ಪ-ಅಮ್ಮ ಜೊತೆಗಿದ್ದರೂ ಒಳಗೆ ಬಿಡುವುದಿಲ್ಲ.

ಭಾರತದ ಚಿತ್ರಗಳಿಗೆ ಇದರ ಬಹುಭಾಗ ತಲೆಕೆಳಗು. ಲಂಡನ್ನಿನ ಫೆಲ್ಟಂ, ಇಲ್ಫೋರ್ಡ್, ಹ್ಯಾರೋ, ಬರ್ಮಿಂಗ್‌ಹ್ಯಾಮ್‌ನ ಸ್ಟಾರ್ ಸಿಟಿ, ಲೆಸ್ಟರ್‌ನಂಥ ಕೆಲವೇ ಕಡೆ ಹಣದ ದೊಡ್ಡ ಪಾಲು ಇರುತ್ತದೆ, ಬಿಡುಗಡೆಯೂ ಬುಧವಾರವೋ ಗುರುವಾರವೋ ಆಗುವುದುಂಟು. ‘ಕೆಜಿಎಫ್: ಚಾಪ್ಟರ್ 2’ ಬಂದದ್ದು 2022ರ ಏಪ್ರಿಲ್ 14, ಗುರುವಾರ. ಮರುದಿನ ಗುಡ್ ಫ್ರೈಡೆ, 17ಕ್ಕೆ ಈಸ್ಟರ್, 18 ಬ್ಯಾಂಕ್ ರಜೆ. ಅಂಥ ಆರಂಭವನ್ನು ಸಾಮಾನ್ಯ ಶುಕ್ರವಾರಕ್ಕೆ ಬಂದ ಇನ್ನೊಂದು ಕನ್ನಡ ಚಿತ್ರದ ಪಕ್ಕ ಇಟ್ಟು ತೂಗುವುದು ಅನ್ಯಾಯ, ಇಬ್ಬರಿಗೂ. ಒಂದೇ ಚಿತ್ರ ನಾಲ್ಕೈದು ಭಾಷೆಗಳಲ್ಲಿ ಓಡುವಾಗ ಕನ್ನಡ ಆವೃತ್ತಿಯ ಪಾಲು ಶೀಟಿನಿಂದ ತಿಳಿಯುವುದಿಲ್ಲ, ಆಟದ ವೇಳಾಪಟ್ಟಿಯಲ್ಲಿ ಭಾಷೆ ನೋಡಿ ಸೀಟು ಎಣಿಸಿದವರಿಗೆ ಮಾತ್ರ ಸಿಗುತ್ತದೆ. ಮೊದಲ ವಾರದಲ್ಲಿ ಕನ್ನಡ ಚಿತ್ರಕ್ಕೆ ದಿನಕ್ಕೆ ಒಂದೋ ಎರಡೋ ಆಟ ಸಿಗುವ ಊರುಗಳೇ ಹೆಚ್ಚು. ಅಲ್ಲಿ ಶನಿವಾರ ಹೌಸ್‌ಫುಲ್ ಆಯಿತು ಎಂದರೆ ಬೇಡಿಕೆ ಅಷ್ಟೇ ಎಂದಲ್ಲ, ಸೀಟು ಅಷ್ಟೇ ಇತ್ತು. ಅಂಥ ಕಡೆ ಭಾನುವಾರಕ್ಕೆ ಆಟ ಹೆಚ್ಚಿಸಿದರೋ ಇಲ್ಲವೋ ನೋಡುತ್ತೇನೆ.

ಎಲ್ಲ ಚಿತ್ರಗಳಿಗೂ ಅನ್ವಯಿಸುವ ಕೊನೆಯ ಸುಳಿವು ಬುಧವಾರ ಸಂಜೆ ಸಿಗುತ್ತದೆ. ಇಲ್ಲಿ ಸಿನಿಮಾ ವಾರ ಶುಕ್ರವಾರಕ್ಕೆ ಶುರುವಾಗಿ ಗುರುವಾರಕ್ಕೆ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ವಾರಾಂತ್ಯದ ಅಂಕಿ ಮುಂದಿಟ್ಟುಕೊಂಡು ಯಾವ ಚಿತ್ರಕ್ಕೆ ಎಷ್ಟು ಆಟ ಎಂದು ವಿತರಕರೂ ಚಿತ್ರಮಂದಿರದವರೂ ಮಾತಾಡಿ ತೀರ್ಮಾನಿಸುತ್ತಾರೆ, ಬುಧವಾರದ ಹೊತ್ತಿಗೆ ಬರುವ ವಾರದ ವೇಳಾಪಟ್ಟಿ ತಾಣಗಳಲ್ಲಿ ಏರಿರುತ್ತದೆ. ನನ್ನ ಪಟ್ಟಿಯ ಚಿತ್ರಮಂದಿರಗಳಲ್ಲಿ ಆಟಗಳನ್ನು ಎಣಿಸುತ್ತೇನೆ. ದಿನಕ್ಕೆ ಎಂಟಿದ್ದದ್ದು ಆರಾದರೆ ಲೆಕ್ಕದ ಉಳಿಕೆ ಹಾಗೇ ಇರಲಿ. ಮೂರಕ್ಕೆ ಇಳಿದು, ಉಳಿದದ್ದೂ ಮಧ್ಯಾಹ್ನದ ಆಟಗಳೇ ಆದರೆ ಶೇ. 60 ಇದ್ದದ್ದನ್ನು 45ಕ್ಕೆ ತಂದು, ವ್ಯಾಪ್ತಿಯ ಕೆಳತುದಿಯನ್ನು ಹೊಸದಾಗಿ ಬರೆಯುತ್ತೇನೆ. ಸಂಜೆ ಏಳೂವರೆ, ಎಂಟರ ಆಟ ಉಳಿದಿದೆಯೇ ಎಂಬುದನ್ನು ಒಟ್ಟು ಆಟಗಳ ಸಂಖ್ಯೆಗಿಂತ ಮೊದಲು ನೋಡಿ.