ಗೋಣಿಚೀಲದ ಕೆಳಗಿದ್ದ ಇನ್ನೊಂದು ಕೈ

ಅಗ್ನಿಶಾಮಕ ಇಲಾಖೆಯಲ್ಲಿ ಸುಮಾರು ಮೂರು ದಶಕ ದುಡಿದು, ಕೊನೆಯ ಹನ್ನೊಂದು ವರ್ಷ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಠಾಣಾಧಿಕಾರಿಯಾಗಿದ್ದು ನಿವೃತ್ತನಾದವನು ನಾನು. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೇ ಹೊತ್ತು ನಿಂತಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು ಪ್ರಾಣ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ನಮ್ಮಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಸಪ್ತಾಹ ನಡೆಯುತ್ತದೆ. ಮೊದಲ ದಿನ ಠಾಣೆಯಲ್ಲಿ ಗೌರವ ಸಲ್ಲಿಸಿ, ಉಳಿದ ದಿನಗಳಲ್ಲಿ ಶಾಲೆ, ಬಸ್ ನಿಲ್ದಾಣ, ಸಂತೆ ಮೈದಾನಗಳಲ್ಲಿ ಅಣಕು ಪ್ರದರ್ಶನ ಮಾಡುವುದು ವಾಡಿಕೆ. ಬಹಳ ವರ್ಷ ನಾನು ಈ ಪ್ರದರ್ಶನವನ್ನೇ ಜನಜಾಗೃತಿ ಎಂದು ನಂಬಿದ್ದೆ.

ಪ್ರದರ್ಶನದಲ್ಲಿ ಜನರಿಗೆ ಅತ್ಯಂತ ಮೆಚ್ಚುಗೆಯಾಗುತ್ತಿದ್ದದ್ದು ಸಿಲಿಂಡರ್ ಆಟ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಮೈದಾನದ ನಡುವೆ ಇಟ್ಟು, ಹೊರಬರುವ ಅನಿಲಕ್ಕೆ ಕಿಡಿ ಹೊತ್ತಿಸಿದರೆ ಉರಿ ಆಳೆತ್ತರ ಏಳುತ್ತದೆ. ಮುಂದಿನ ಸಾಲಿನವರು ಹಿಂದೆ ಸರಿಯುತ್ತಾರೆ. ಆಗ ನಮ್ಮ ಸಿಬ್ಬಂದಿಯೊಬ್ಬರು ನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಎದೆಯ ಮುಂದೆ ಹಿಡಿದು ನಡೆದು ಹೋಗಿ ಸಿಲಿಂಡರಿನ ತಲೆಗೆ ಹೊದಿಸಿದರೆ ಉರಿ ಮಾಯ, ಚಪ್ಪಾಳೆಯೋ ಚಪ್ಪಾಳೆ. ಚೀಲ ಹೊದಿಸಿದ ಮರುಕ್ಷಣವೇ ಅವರ ಬಲಗೈ ಚೀಲದ ಕೆಳಗೆ ಹೋಗಿ ಅನಿಲವನ್ನು ನಿಲ್ಲಿಸಿರುತ್ತಿತ್ತು. ಅದು ಯಾರಿಗೂ ಕಾಣುತ್ತಿರಲಿಲ್ಲ. ನಮಗೆ ಅದು ಉಸಿರಾಟದಷ್ಟು ಸಹಜವಾಗಿದ್ದರಿಂದ ನಾವು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಠಾಣೆಯಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಕರೆ ಬಂತು. ನಮ್ಮ ಜಲವಾಹನ ಅಲ್ಲಿ ತಲುಪುವ ಹೊತ್ತಿಗೆ ಬೆಂಕಿ ಇರಲಿಲ್ಲ. ಮನೆಯಾಕೆ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಎರಡೂ ಕಾಲು ಪಾದದಿಂದ ಮಂಡಿಯವರೆಗೆ ಸುಟ್ಟಿದ್ದವು, ಸೀರೆಯ ಅಂಚು ಕರಗಿ ಗಂಟುಗಟ್ಟಿತ್ತು, ಮಂಡಿಯ ಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಒಲೆಯ ಬಳಿ ಟ್ಯೂಬಿಗೆ ಬೆಂಕಿ ಹತ್ತಿದಾಗ ಅವರು ಕಿರುಚುತ್ತ ಓಡಿರಲಿಲ್ಲ. ಹಿತ್ತಲಲ್ಲಿದ್ದ ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ತಂದು ಹೊದಿಸಿ, ಉರಿ ಆರಿದ್ದನ್ನು ನೋಡಿಕೊಂಡೇ ಗಂಡನನ್ನು ಕರೆಯಲು ಹೊರಗೆ ಹೋಗಿದ್ದರು. ರೆಗ್ಯುಲೇಟರ್ ತೆರೆದೇ ಇತ್ತು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಅದು ಮೇಲೇರುವುದಿಲ್ಲ, ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಡುತ್ತದೆ. ಹಾಗೆ ಹರಡಿದ್ದು ಹೊಸಿಲು ದಾಟಿ ದೇವರಕೋಣೆಯಲ್ಲಿ ನೆಲದ ಮೇಲಿದ್ದ ನಂದಾದೀಪವನ್ನು ಮುಟ್ಟಿದ ಹೊತ್ತಿಗೆ ಸರಿಯಾಗಿ ಅವರು ಒಳಗೆ ಕಾಲಿಟ್ಟಿದ್ದರು. ಪಕ್ಕದ ಮನೆಯವರು ಗಾಯಕ್ಕೆ ಟೂತ್‌ಪೇಸ್ಟ್ ಬಳಿದಿದ್ದರು. ಆಕೆ ನನ್ನ ಮುಖ ನೋಡಿ ಹೇಳಿದ್ದು ಇಷ್ಟೇ: “ಸಾರ್, ಶಾಲೆ ಮೈದಾನದಲ್ಲಿ ನೀವು ತೋರಿಸಿದ ಹಂಗೇ ಮಾಡಿದ್ದು ನಾನು.”

ಆಕೆ ಹೇಳಿದ್ದು ನಿಜ. ಹೊತ್ತಿ ಉರಿಯುವ ಅನಿಲ ಎಲ್ಲಿದೆ, ಎಷ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಉರಿಯನ್ನು ಮಾತ್ರ ಆರಿಸಿ ಸೋರಿಕೆಯನ್ನು ಹಾಗೇ ಬಿಟ್ಟರೆ, ಕಾಣುವ ಅಪಾಯವನ್ನು ಕಾಣದ ಅಪಾಯವನ್ನಾಗಿ ಮಾಡಿದಂತೆ. ಚೀಲ ಇರುವುದು ಉರಿಯನ್ನು ತಗ್ಗಿಸಿ ರೆಗ್ಯುಲೇಟರಿನವರೆಗೆ ಕೈ ಹೋಗಲು ದಾರಿ ಮಾಡಿಕೊಡುವುದಕ್ಕೆ. ಕೈ ಹೋಗುವಂತಿಲ್ಲ ಎಂದಾದರೆ ಉರಿಯನ್ನು ಆರಿಸಲು ಹೋಗದೆ, ಮನೆಯವರನ್ನೆಲ್ಲ ಹೊರಗೆ ಕರೆತಂದು, ದೂರ ನಿಂತು 101 ಅಥವಾ 112ಕ್ಕೆ ಕರೆ ಮಾಡಬೇಕು. ಇದನ್ನು ನಾನು ತರಬೇತಿಯಲ್ಲಿ ಕಲಿತಿದ್ದೆ, ಆದರೆ ಮೈದಾನದಲ್ಲಿ ಕಲಿಸಿರಲಿಲ್ಲ.

ಅಲ್ಲಿಂದಾಚೆಗೆ ನಾನು ಮೈಕನ್ನು ಕಡಿಮೆ ಮಾಡಿ ಅಡುಗೆಮನೆಗಳಿಗೆ ಹೋಗತೊಡಗಿದೆ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ಮುಗಿದ ಮೇಲೆ, ಎಂಟು ಹತ್ತು ಮಂದಿಯನ್ನು ಅವರಲ್ಲೇ ಒಬ್ಬರ ಮನೆಯಲ್ಲಿ ಸೇರಿಸಿ ಮುಕ್ಕಾಲು ಗಂಟೆ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಬೆಂಕಿ ಹೊತ್ತಿಸುತ್ತಿರಲಿಲ್ಲ. ಮೊದಲ ಕೆಲಸವೆಂದರೆ, ಮನೆಯೊಡತಿ ಕಣ್ಣು ಮುಚ್ಚಿಕೊಂಡು ಬಾಗಿಲಿನಿಂದ ನಡೆದು ಹೋಗಿ ರೆಗ್ಯುಲೇಟರ್ ಆಫ್ ಮಾಡಬೇಕು. ನೋಡಲು ಮಕ್ಕಳ ಆಟದಂತಿರುವ ಇದರಲ್ಲಿ ಹೊರಬಿದ್ದ ಸಂಗತಿಗಳು ನನ್ನ ಯಾವ ಭಾಷಣದಲ್ಲೂ ಇರಲಿಲ್ಲ. ಒಂದು ಮನೆಯಲ್ಲಿ ಸಿಲಿಂಡರಿನ ಮುಂದೆ ರಾಗಿಯ ಡ್ರಮ್ಮು ಕೂತಿತ್ತು. ಇನ್ನೊಂದು ಮನೆಯಲ್ಲಿ ರೆಗ್ಯುಲೇಟರಿನ ತಿರುಪು ಜಿಡ್ಡು ಹಿಡಿದು ಅಲುಗಾಡದಂತಾಗಿತ್ತು, ಏಕೆಂದರೆ ಅವರು ವರ್ಷಗಳಿಂದ ಒಲೆಯನ್ನು ಮಾತ್ರ ಆರಿಸಿ ಮಲಗುತ್ತಿದ್ದರು. ಮತ್ತೊಬ್ಬರು ಸಿಲಿಂಡರಿಗೂ ಟ್ಯೂಬಿಗೂ ಕಸೂತಿ ಹಾಕಿದ ಬಟ್ಟೆಯ ಗವಸು ಹೊಲಿದಿದ್ದರು. ಬಹಳ ಚೆಂದದ ಕೆಲಸ, ಬಿಚ್ಚಿ ಎನ್ನಲು ನನಗೇ ಸಂಕೋಚವಾಯಿತು. ಬಿಚ್ಚಿದಾಗ ಟ್ಯೂಬಿನ ಮೇಲೆ ಇಲಿಯ ಹಲ್ಲಿನ ಗುರುತುಗಳು ಸಾಲಾಗಿದ್ದವು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದೂ, ಅದರ ಮೈಮೇಲೆಯೇ ಅವಧಿ ಅಚ್ಚಾಗಿರುತ್ತದೆಂಬುದೂ ಗವಸಿನೊಳಗೆ ಯಾರಿಗೆ ಕಾಣಬೇಕು? ಸೋರಿಕೆಯ ಅನುಮಾನವಿದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು ಎಂದು ಪ್ರತಿ ಮನೆಯಲ್ಲೂ ಹೇಳಿದೆ. ಕಡ್ಡಿ ಗೀರಿ ನೋಡಿದವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಸಿಗುತ್ತಿದ್ದರು.

ಎರಡನೆಯ ಅಭ್ಯಾಸ ಇನ್ನೂ ಕಷ್ಟದ್ದು, ಏಕೆಂದರೆ ಅದು ಏನನ್ನೂ ಮಾಡದಿರುವ ಅಭ್ಯಾಸ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ನಾತದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಬೆಳಗಿನ ಜಾವ ಆ ನಾತ ಮೂಗಿಗೆ ಬಡಿದರೆ ನಮ್ಮ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿಗೆ ಹೋಗುತ್ತದೆ, ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು. ಲೈಟು ಹಾಕಬಾರದು, ಉರಿಯುತ್ತಿರುವ ಲೈಟನ್ನು ಆರಿಸಲೂಬಾರದು, ಎಕ್ಸಾಸ್ಟ್ ಫ್ಯಾನಿನ ತಂಟೆಯಂತೂ ಬೇಡವೇ ಬೇಡ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿನ ಬಿಳಿ ಮುಚ್ಚಳ ಹಾಕಿ, ಹೊರಗೆ ಬಂದು ಅಡುಗೆ ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. “ಕತ್ತಲಲ್ಲಿ ಏನು ಕಾಣುತ್ತೆ ಸಾರ್?” ಎಂದು ಒಬ್ಬ ಅಜ್ಜಿ ಕೇಳಿದರು. ಕಣ್ಣು ಮುಚ್ಚಿಸಿ ನಡೆಸಿದ್ದು ಅದಕ್ಕೇ ಅಜ್ಜಿ ಎಂದಾಗ ಉಳಿದವರು ನಕ್ಕರು. ಬಿಳಿ ಮುಚ್ಚಳವನ್ನು ಸಿಲಿಂಡರಿಗೇ ದಾರದಿಂದ ಕಟ್ಟಿ ಕೊಟ್ಟಿರುವುದು ಏಕೆಂದು ಅನೇಕರಿಗೆ ಅಂದೇ ತಿಳಿದದ್ದು; ಕಿತ್ತು ಮಕ್ಕಳ ಆಟಕ್ಕೆ ಕೊಟ್ಟವರೇ ಹೆಚ್ಚು.

ಎಣ್ಣೆಯ ಬೆಂಕಿಯ ವಿಷಯವನ್ನು ಬೇಗ ಮುಗಿಸುತ್ತಿದ್ದೆ. ಕಾದ ಎಣ್ಣೆಗೆ ನೀರು ಬಿದ್ದರೆ ಅದು ತಳಕ್ಕಿಳಿದು ಥಟ್ಟನೆ ಆವಿಯಾಗಿ ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಒಗ್ಗರಣೆಯ ಸಿಡಿತ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಲೆ ಆರಿಸಿ, ಬಾಣಲೆಯ ಮೇಲೆ ಅಗಲವಾದ ತಟ್ಟೆಯನ್ನು ಜಾರಿಸಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯದಿದ್ದರೆ ಆಯಿತು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಶಾಯಿ, ಕಾಫಿಪುಡಿ ಯಾವುದೂ ಬೇಡ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ ಎಂದಾಗ ಮಾತ್ರ ಪ್ರತಿ ಸಲವೂ ವಾದವಾಗುತ್ತಿತ್ತು, ಇಂದಿಗೂ ಆಗುತ್ತದೆ.

ಶಾಲೆಗಳಲ್ಲಿ ನಾನು ಮಾಡಿಸಿದ್ದು ಒಂದೇ ಅಭ್ಯಾಸ, ದೂರವಾಣಿಯಲ್ಲಿ ಮಾತಾಡುವುದು. ಠಾಣೆಗೆ ಬರುವ ಕರೆಗಳಲ್ಲಿ ಬಹುಪಾಲು “ಬೆಂಕಿ ಬಿದ್ದಿದೆ, ಬೇಗ ಬನ್ನಿ” ಎಂದು ಹೇಳಿ ಕಟ್ ಆಗುತ್ತವೆ. ಒಂದೇ ಹೆಸರಿನ ಎರಡು ಹಳ್ಳಿಗಳಿರುವ ತಾಲ್ಲೂಕಿನಲ್ಲಿ ಇದರ ಫಲವೇನೆಂದು ನನ್ನ ಚಾಲಕರನ್ನು ಕೇಳಬೇಕು. ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಊರು, ಹೋಬಳಿ, ಹತ್ತಿರದ ಗುಡಿ ಅಥವಾ ಟ್ಯಾಂಕು, ಉರಿಯುತ್ತಿರುವುದು ಮನೆಯೋ ಬಣವೆಯೋ ಎಂಬುದನ್ನು ಹೇಳಿ, ನಾವು ಇಡುವವರೆಗೆ ಫೋನ್ ಇಡಬಾರದು ಎಂದು ಕಲಿಸಿದೆವು. ದೊಡ್ಡವರಿಗಿಂತ ಅವರು ಚೆನ್ನಾಗಿ ಕಲಿತರು.

ನನ್ನ ಸೇವೆಯ ಕೊನೆಯ ಸಪ್ತಾಹದಲ್ಲಿ ಬಸ್ ನಿಲ್ದಾಣದ ಪ್ರದರ್ಶನವನ್ನು ಬಿಡಲಾಗಲಿಲ್ಲ, ಆದರೆ ಕ್ರಮವನ್ನು ಬದಲಿಸಿದೆ. ಈ ಸಲ ಉರಿ ಏಳಿಸಿದ್ದು ಸಿಲಿಂಡರಿನ ತಲೆಯಲ್ಲಲ್ಲ, ಟ್ಯೂಬಿನ ತುದಿಯಲ್ಲಿ. ಸಿಬ್ಬಂದಿಯವರು ಮೊದಲು ಬರಿಗೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿ, ಚೀಲವಿಲ್ಲದೆ ಪಕ್ಕದಿಂದ ಹೋಗಿ ರೆಗ್ಯುಲೇಟರ್ ತಿರುಗಿಸಿದರು. ಉರಿ ಸದ್ದಿಲ್ಲದೆ ಇಳಿದು ಹೋಯಿತು. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಯಾರೋ “ಇಷ್ಟೇನಾ?” ಎಂದರು. ಇಷ್ಟೇ ಎಂದು ನಾನು ಮೈಕಿನಲ್ಲಿಯೇ ಉತ್ತರಿಸಿ, ಅದನ್ನೇ ಇನ್ನೊಮ್ಮೆ ಮಾಡಿಸಿದೆ.