ಮೊದಲು ಶೀಟ್, ಆಮೇಲೆ ಫಾರ್ಮ್: ಆನ್‌ಲೈನ್ ಸರ್ವೆಯಲ್ಲಿ ನನ್ನ ಅನುಭವ

"ಆನ್‌ಲೈನ್ ಸರ್ವೆಗೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಕೊನೆಗೆ ನಿಮ್ಮ ವರದಿಯಲ್ಲಿ ಯಾವ ಟೇಬಲ್ ಬರಬೇಕು? ಹೆಚ್ಚಿನವರು ಅದನ್ನು ಇನ್ನೂ ಯೋಚಿಸಿರುವುದಿಲ್ಲ. ಫಾರ್ಮ್ ನೋಡಲು ಚೆನ್ನಾಗಿರಬೇಕು, ಮೊಬೈಲ್‌ನಲ್ಲಿ ತೆರೆಯಬೇಕು, ದುಡ್ಡು ಕೊಡುವಂತಿರಬಾರದು, ಅಷ್ಟೇ. ಇವೆಲ್ಲ ಬೇಡ ಅಂತಲ್ಲ. ಆದರೆ ಫಾರ್ಮ್‌ನ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅದರಿಂದ ಇಳಿದು ಬರುವ ಶೀಟ್ ಜೊತೆ ತಿಂಗಳುಗಟ್ಟಲೆ ಏಗಬೇಕು.

ಸಂಶೋಧನೆ ಮಾಡುವವರಿಗೆ ಸರ್ವೆ ಕಟ್ಟಿಕೊಡುವುದು, ಬಂದ ಡೇಟಾ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಹೀಗಾಗಿ ಹೊಸ ಟೂಲ್ ಯಾವುದೇ ಬರಲಿ, ಮೊದಲು ನಾಲ್ಕು ಪ್ರಶ್ನೆಯ ಒಂದು ಪುಟ್ಟ ಫಾರ್ಮ್ ಮಾಡುತ್ತೇನೆ. ಒಂದೇ ಉತ್ತರ ಆರಿಸುವ ಪ್ರಶ್ನೆ ಒಂದು, ಬೇಕಾದಷ್ಟಕ್ಕೆ ಟಿಕ್ ಹಾಕುವ ಪ್ರಶ್ನೆ ಒಂದು, ಐದು ಹಂತದ ಸ್ಕೇಲ್ ಒಂದು, ಕೆಲವರಿಗೆ ಮಾತ್ರ ಕಾಣುವ ಪ್ರಶ್ನೆ ಒಂದು. ಬಾಯಿಗೆ ಬಂದ ಉತ್ತರ ತುಂಬಿಸಿ, ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲ್ ನೋಡುತ್ತೇನೆ. ಜಾಹೀರಾತಿನಲ್ಲಿ ಹೇಳದೆ ಬಿಟ್ಟಿದ್ದೆಲ್ಲ ಅಲ್ಲಿ ಕಾಣುತ್ತದೆ.

ಟಿಕ್ ಪ್ರಶ್ನೆಯನ್ನೇ ತಗೊಳ್ಳಿ. ಗೂಗಲ್ ಫಾರ್ಮ್ಸ್‌ಗೆ ಜೋಡಿಸಿದ ಶೀಟ್‌ನಲ್ಲಿ ಒಬ್ಬರು ಟಿಕ್ ಮಾಡಿದ್ದೆಲ್ಲ ಒಂದೇ ಸೆಲ್‌ನಲ್ಲಿ, ಅಲ್ಪವಿರಾಮ ಹಾಕಿ ಸಾಲಾಗಿ ಬರುತ್ತದೆ: "ಪತ್ರಿಕೆ, ಟಿವಿ, ಮೊಬೈಲ್". ಎಷ್ಟು ಜನ ಟಿವಿ ನೋಡುತ್ತಾರೆ ಅಂತ ಎಣಿಸಬೇಕಾದರೆ ಇದನ್ನು ಒಡೆದು ಬೇರೆ ಬೇರೆ ಕಾಲಂ ಮಾಡಬೇಕು. ಅದೇನೂ ಕಷ್ಟವಲ್ಲ. ಆದರೆ ಆಯ್ಕೆಯೇ "ಸ್ನೇಹಿತರು, ನೆಂಟರು" ಅಂತ ಇದ್ದರೆ? ಒಡೆಯುವಾಗ ಅದು ಎರಡಾಗಿ ಹೋಗುತ್ತದೆ, ಎಣಿಕೆ ಕೆಡುತ್ತದೆ. ಹಾಗಾಗಿ ಆಯ್ಕೆಗಳಲ್ಲಿ ಅಲ್ಪವಿರಾಮವೇ ಇರದಂತೆ ನೋಡಿಕೊಳ್ಳುತ್ತೇನೆ. "ಸ್ನೇಹಿತರು ಅಥವಾ ನೆಂಟರು" ಅಂತ ಬರೆದರೆ ಆಯಿತು. ಲೈಮ್‌ಸರ್ವೆ ಅನ್ನುವ ಇನ್ನೊಂದು ಸರ್ವೆ ಟೂಲ್‌ನಲ್ಲಿ ಈ ತಲೆನೋವಿಲ್ಲ. ಪ್ರತಿ ಆಯ್ಕೆಗೂ ಒಂದೊಂದು ಕಾಲಂ ಬರುತ್ತದೆ. ಟಿಕ್ ಪ್ರಶ್ನೆಗಳು ಜಾಸ್ತಿ ಇದ್ದರೆ ನಾನು ಆ ಕಡೆ ವಾಲುವುದು ಇದೊಂದೇ ಕಾರಣಕ್ಕೆ.

ಇನ್ನು ಕೆಲವರಿಗೆ ಮಾತ್ರ ಕಾಣುವ ಪ್ರಶ್ನೆ. ಇದು ಸದ್ದಿಲ್ಲದೆ ಲೆಕ್ಕ ಕೆಡಿಸುತ್ತದೆ. 200 ಜನರಲ್ಲಿ 80 ಜನರಿಗೆ ಮಾತ್ರ ಗಾಡಿ ಇದೆ ಅಂದುಕೊಳ್ಳಿ. "ಗಾಡಿಗೆ ವಿಮೆ ಮಾಡಿಸಿದ್ದೀರಾ?" ಅನ್ನುವುದಕ್ಕೆ 20 ಜನ ಹೌದು ಅಂದರು. ಅದು 10 ಶೇಕಡಾವೋ 25 ಶೇಕಡಾವೋ? ಪ್ರಶ್ನೆ ಕಂಡವರನ್ನಷ್ಟೇ ಎಣಿಸಿದರೆ 25. ಆದರೆ ಶೀಟ್‌ನಲ್ಲಿ ಪ್ರಶ್ನೆ ಕಾಣದವರದ್ದೂ ಖಾಲಿ, ಕಂಡೂ ಉತ್ತರಿಸದವರದ್ದೂ ಖಾಲಿ. ಯಾವ ಖಾಲಿ ಯಾವುದು ಅಂತ ಆಮೇಲೆ ಹೇಗೆ ಹೇಳೋದು? ನಾನು ಅಂಥ ಪ್ರಶ್ನೆಗಳನ್ನು ಕಡ್ಡಾಯ ಮಾಡಿ, "ಹೇಳಲು ಇಷ್ಟವಿಲ್ಲ" ಅಂತ ಒಂದು ಆಯ್ಕೆ ಸೇರಿಸುತ್ತೇನೆ. ಆಗ ಖಾಲಿ ಅಂದರೆ ಪ್ರಶ್ನೆ ಕಂಡಿಲ್ಲ ಅಂತಲೇ ಅರ್ಥ.

ಎಕ್ಸೆಲ್ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. "ದಿನಕ್ಕೆ ಎಷ್ಟು ಗಂಟೆ ಓದುತ್ತೀರಿ?" ಅಂತ ಕೇಳಿ 1-2, 3-5 ಅಂತ ಆಯ್ಕೆ ಕೊಟ್ಟಿರುತ್ತೀರಿ. ಉತ್ತರಗಳು ಸಾಮಾನ್ಯವಾಗಿ ಸಿಎಸ್‌ವಿ ಅನ್ನುವ ಸರಳ ಪಠ್ಯದ ಫೈಲ್ ಆಗಿ ಇಳಿಯುತ್ತವೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಈ ಆಯ್ಕೆಗಳನ್ನು ತಾರೀಖು ಅಂದುಕೊಳ್ಳುತ್ತದೆ. 3-5 ಅನ್ನುವುದು ಮೇ 3 ಅಥವಾ ಮಾರ್ಚ್ 5 ಆಗಿ ಕೂರುತ್ತದೆ. ಸೇವ್ ಮಾಡಿಬಿಟ್ಟರೆ ಮೂಲ ಹೋಯಿತು. ಇದು ನಮ್ಮನಿಮ್ಮಂಥವರ ಪಾಡು ಮಾತ್ರ ಅಲ್ಲ. ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ ಅಂತ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. 2020ರಲ್ಲಿ ಹೆಸರಿಡುವ ಸಮಿತಿ ಅದನ್ನು ನಿಯಮದಲ್ಲೇ ಸೇರಿಸಿತು. ನಾವು ಅಷ್ಟು ದೂರ ಹೋಗಬೇಕಿಲ್ಲ. "1ರಿಂದ 2 ಗಂಟೆ" ಅಂತ ಬರೆದರೆ ಸಾಕು. ಕನ್ನಡದ ಉತ್ತರಗಳು ವಿಚಿತ್ರ ಚಿಹ್ನೆಗಳಾಗಿ ಕಂಡರೂ ಗಾಬರಿ ಬೇಡ, ಡೇಟಾ ಹಾಳಾಗಿರುವುದಿಲ್ಲ. ಡಬಲ್ ಕ್ಲಿಕ್ ಮಾಡುವ ಬದಲು ಡೇಟಾ ಮೆನುವಿನಿಂದ ಫೈಲ್ ತಂದು, ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಉಳಿಸುವ ಅಕ್ಷರ ಸಂಕೇತ) ಆರಿಸಿದರೆ ಅಕ್ಷರ ಸರಿಯಾಗುತ್ತದೆ.

ಇದೆಲ್ಲ ನೋಡಿದ ಮೇಲೆ ಟೂಲ್ ಆಯ್ಕೆ ಬೇಗ ಮುಗಿಯುತ್ತದೆ. ಚಿಕ್ಕ ಸರ್ವೆ, ಗೊತ್ತಿರುವ ಜನ ಅಂದರೆ ಗೂಗಲ್ ಫಾರ್ಮ್ಸ್ ಧಾರಾಳ ಸಾಕು. ಡೇಟಾ ನಮ್ಮದೇ ಸರ್ವರ್‌ನಲ್ಲಿ ಇರಬೇಕು, ಕೆಲವರಿಗೆ ಮಾತ್ರ ಕಾಣುವ ಪ್ರಶ್ನೆಗಳು ತುಂಬ ಇವೆ, ಪ್ರತಿಯೊಬ್ಬರಿಗೂ ಬೇರೆ ಲಿಂಕ್ ಕಳಿಸಬೇಕು ಅಂದರೆ ಲೈಮ್‌ಸರ್ವೆ. 2003ರಲ್ಲಿ ಪಿಎಚ್‌ಪಿ ಸರ್ವೇಯರ್ ಅಂತ ಶುರುವಾದ ಓಪನ್ ಸೋರ್ಸ್ ತಂತ್ರಾಂಶ ಅದು. ಹಾಕಿಕೊಳ್ಳಲು, ಆಗಾಗ ಅಪ್‌ಡೇಟ್ ಮಾಡಲು ಸರ್ವರ್ ಗೊತ್ತಿರುವ ಒಬ್ಬರು ಬೇಕು. ಆ ಒಬ್ಬರು ಇಲ್ಲದಿದ್ದರೆ ಸಾಹಸ ಬೇಡ.

ನೆಟ್‌ವರ್ಕ್ ಇಲ್ಲದ ಕಡೆ ಮನೆಮನೆಗೆ ಹೋಗಿ ಕೇಳುವುದಾದರೆ ಫೋನಿನಲ್ಲೇ ಫಾರ್ಮ್ ತುಂಬುವ ಒಡಿಕೆ (ODK) ಅನ್ನುವ ಟೂಲ್, ಅಥವಾ ಅದರ ಮೇಲೆ ಕಟ್ಟಿದ ಕೋಬೋ ಟೂಲ್‌ಬಾಕ್ಸ್. ಉತ್ತರಗಳು ಫೋನಿನಲ್ಲೇ ಉಳಿದು, ನೆಟ್ ಸಿಕ್ಕಾಗ ಮೇಲೆ ಹೋಗುತ್ತವೆ. ಇದರಲ್ಲಿ ನನಗೆ ಇಷ್ಟವಾಗುವುದು ಬೇರೆಯೇ. ಫಾರ್ಮನ್ನು ಒಂದು ಎಕ್ಸೆಲ್ ಶೀಟ್‌ನಲ್ಲೇ ಬರೆಯಬಹುದು. ಪ್ರಶ್ನೆ ಯಾವ ಬಗೆಯದು, ಡೇಟಾದಲ್ಲಿ ಅದರ ಕಾಲಂ ಹೆಸರೇನು, ಜನರಿಗೆ ಕಾಣುವ ವಾಕ್ಯ ಯಾವುದು, ಯಾವಾಗ ಕಾಣಬೇಕು, ಎಲ್ಲ ಒಂದೇ ಸಾಲಿನಲ್ಲಿ. ಎರಡು ಭಾಷೆ ಬೇಕಿದ್ದರೆ ಇನ್ನೊಂದು ಕಾಲಂ. ಅಂದರೆ ಫಾರ್ಮ್ ಬರೆಯುವಾಗಲೇ ಶೀಟ್ ಹೇಗಿರುತ್ತದೆ ಅಂತ ನೀವೇ ತೀರ್ಮಾನಿಸಿರುತ್ತೀರಿ.

ದುಡ್ಡು ಕೊಡುವ ಸೇವೆಗಳಲ್ಲಿ ಕ್ವಾಲ್ಟ್ರಿಕ್ಸ್ ಥರದವು ನಿಜಕ್ಕೂ ಬಲಶಾಲಿ. ನಿಮ್ಮ ಸಂಸ್ಥೆ ಈಗಾಗಲೇ ಲೈಸೆನ್ಸ್ ತೆಗೆದುಕೊಂಡಿದ್ದರೆ ಬಳಸಿ. ಆದರೆ ಯಾವುದೇ ಸೇವೆಯ ಉಚಿತ ಖಾತೆ ನಂಬಿ ಇಳಿಯುವ ಮುಂಚೆ ಎಷ್ಟು ಉತ್ತರ ನೋಡಬಹುದು, ಯಾವ ಫಾರ್ಮ್ಯಾಟ್‌ನಲ್ಲಿ ಇಳಿಸಿಕೊಳ್ಳಬಹುದು ಅಂತ ಓದಿಕೊಳ್ಳಿ. ಒಂದು ಕಡೆ ಉತ್ತರಗಳೆಲ್ಲ ಬಂದು ಸೇರಿದ ಮೇಲೆ "ಉಳಿದಿದ್ದು ನೋಡಲು ದುಡ್ಡು ಕಟ್ಟಿ" ಅಂತ ಪರದೆ ಮೇಲೆ ಬಂತು. ಯಾವ ಸೇವೆ ಅನ್ನೋದು ಇಲ್ಲಿ ಬೇಡ.

ಬಂದ ಡೇಟಾದ ಲೆಕ್ಕಕ್ಕೆ ಯಾವುದು? ಅಂಕಿಅಂಶದ ತಂತ್ರಾಂಶ ಎಸ್‌ಪಿಎಸ್‌ಎಸ್ 1968ರಿಂದ ಇದೆ, ಈಗ ಐಬಿಎಂನದ್ದು. ಗೊತ್ತಿರುವ ಮೇಷ್ಟ್ರು, ಗೈಡ್‌ಗಳು ತುಂಬ ಜನ ಸಿಗುತ್ತಾರೆ, ಅದೇ ಅದರ ದೊಡ್ಡ ಅನುಕೂಲ. ಬಳಸುವುದಾದರೆ ಮೆನುವಿನಲ್ಲಿ ಓಕೆ ಒತ್ತದೆ ಪೇಸ್ಟ್ ಒತ್ತಿ. ನೀವು ಮಾಡಿದ್ದೆಲ್ಲ ಸಿಂಟ್ಯಾಕ್ಸ್ ಆಗಿ, ಅಂದರೆ ಮತ್ತೆ ಓಡಿಸಬಹುದಾದ ಆದೇಶಗಳಾಗಿ ಉಳಿಯುತ್ತದೆ. ಜೀವನದಲ್ಲಿ ಒಂದೇ ಒಂದು ಪ್ರಬಂಧಕ್ಕೆ ಲೆಕ್ಕ ಬೇಕು ಅನ್ನುವವರಿಗೆ ನಾನು ಜಮೋವಿ ಅಥವಾ ಜಾಸ್ಪ್ ಹೇಳುತ್ತೇನೆ. ಎರಡೂ ಉಚಿತ, ಒಳಗೆ ಓಡುವುದು ಆರ್ (R) ಅನ್ನುವ, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ, ಮೇಲೆ ಮೆನು ಇದೆ. ಸರ್ವೆ ಮತ್ತೆ ಮತ್ತೆ ಮಾಡುವವರು ಆರ್ ಕಲಿಯುವುದೇ ಸರಿ. ವರದಿ ಕೊಡುವ ಹಿಂದಿನ ರಾತ್ರಿ "ಇನ್ನೂ ಒಂದಿಷ್ಟು ಉತ್ತರ ಬಂದಿವೆ, ಸೇರಿಸ್ತೀರಾ ಸರ್?" ಅಂತ ಫೋನ್ ಬಂದೇ ಬರುತ್ತದೆ. ಲೆಕ್ಕದ ಹಂತಗಳನ್ನೆಲ್ಲ ಬರೆದಿಟ್ಟ ಸ್ಕ್ರಿಪ್ಟ್ ಇದ್ದರೆ ಹೊಸ ಫೈಲ್ ಇಟ್ಟು ಓಡಿಸಿ ಮಲಗಬಹುದು.

ಆರ್ ಕಡೆ ನನ್ನನ್ನು ಪೂರ್ತಿ ಎಳೆದದ್ದು ತೂಕದ ಲೆಕ್ಕ. ಸ್ಯಾಂಪಲ್‌ನಲ್ಲಿ, ಅಂದರೆ ಉತ್ತರ ಕೊಟ್ಟವರಲ್ಲಿ, ಹೆಂಗಸರು ಕಡಿಮೆ ಬಂದಿದ್ದರೆ ಅವರ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತೇವೆ, ಅಲ್ವಾ? ಎಸ್‌ಪಿಎಸ್‌ಎಸ್‌ನ ಸಾಮಾನ್ಯ 'ವೇಟ್ ಕೇಸಸ್' ಆ ತೂಕವನ್ನು ಜನರ ಸಂಖ್ಯೆ ಅಂತಲೇ ಎಣಿಸುತ್ತದೆ. 400 ಜನರ ಸ್ಯಾಂಪಲ್‌ಗೆ ಕೊಟ್ಟ ತೂಕಗಳ ಮೊತ್ತ ಒಂದು ಲಕ್ಷವಾದರೆ, ಒಂದು ಲಕ್ಷ ಜನರನ್ನು ಕೇಳಿದ ಹಾಗೆ ಪರೀಕ್ಷೆ ನಡೆಯುತ್ತದೆ. ಶೇಕಡಾವಾರು ಸರಿಯಾಗೇ ಬರುತ್ತದೆ, ಪಿ-ವ್ಯಾಲ್ಯೂ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ಅಳೆಯಲು ಬಳಸುವ ಸಂಖ್ಯೆ, ಚಿಕ್ಕದಾದಷ್ಟೂ ಆಕಸ್ಮಿಕ ಅನ್ನುವುದು ಕಷ್ಟ) ಮಾತ್ರ ಎಲ್ಲ ಕಡೆ ಸೊನ್ನೆಗೆ ಅಂಟಿಕೊಳ್ಳುತ್ತದೆ. ನೋಡಿದವರಿಗೆ ಖುಷಿಯೋ ಖುಷಿ, ಎಲ್ಲವೂ 'ಸಿಗ್ನಿಫಿಕೆಂಟ್'! ಸರಿಯಾಗಿ ಮಾಡಲು ಅದರಲ್ಲೂ ಕಾಂಪ್ಲೆಕ್ಸ್ ಸ್ಯಾಂಪಲ್ಸ್ ಅನ್ನುವ ಬೇರೆ ಮಾಡ್ಯೂಲ್ ಇದೆ. ಆರ್‌ನಲ್ಲಿ ಥಾಮಸ್ ಲಮ್ಲಿ ಬರೆದ 'ಸರ್ವೆ' ಪ್ಯಾಕೇಜ್ ಇದೇ ಕೆಲಸಕ್ಕೆ ಇದೆ, ಪುಕ್ಕಟೆ.

ಆದರೆ ಯಾರಿಗೆ ಕೇಳಿದಿರಿ ಅನ್ನುವುದನ್ನು ಯಾವ ಸಾಫ್ಟ್‌ವೇರೂ ಸರಿಮಾಡದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ ಭಾರೀ ಅಂತರದಲ್ಲಿ. ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಎಸೆದು 400 ಉತ್ತರ ಸೇರಿಸಿ, "ದೋಷದ ಮಿತಿ 5 ಶೇಕಡಾ" ಅಂತ ಬರೆಯಲು ಹೇಳುವವರು ಈಗಲೂ ಬರುತ್ತಾರೆ. ನಮ್ಮ ಅಂಕಿ ನಿಜದಿಂದ ಎಷ್ಟು ಆಚೀಚೆ ಇರಬಹುದು ಅಂತ ಹೇಳುವ ಆ ಸೂತ್ರ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದ ಸ್ಯಾಂಪಲ್‌ಗೆ ಮಾತ್ರ. ನಾನು ಬರೆಯುವುದಿಲ್ಲ. ಲಿಂಕ್ ಯಾವ ಯಾವ ಗುಂಪಿಗೆ ಹೋಯಿತು ಅಂತ ಬರೆಯುತ್ತೇನೆ.

ಲಿಂಕ್ ಕಳಿಸುವ ಮುಂಚೆ ಸುಳ್ಳು ಉತ್ತರಗಳ ಶೀಟ್ ಹಿಡಿದು ಸ್ಕ್ರಿಪ್ಟ್ ಪೂರ್ತಿ ಓಡಿಸುತ್ತೇನೆ. ಆಗಲೇ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಹೆಸರು, ಇಮೇಲ್ ಕೇಳಿಲ್ಲ, ಹಾಗಾಗಿ ಗುಟ್ಟಾಗಿದೆ ಅಂತ ಸರ್ವೆ ಮಾಡಿಸುವವರು ಅಂದುಕೊಂಡಿರುತ್ತಾರೆ. ಆದರೆ ವಿಭಾಗ, ಹುದ್ದೆ, ವಯಸ್ಸು ಮೂರನ್ನೂ ಕೇಳಿದ್ದರೆ ಟೇಬಲ್‌ನ ಎಷ್ಟೋ ಸೆಲ್‌ಗಳಲ್ಲಿ ಒಬ್ಬರೇ ಉಳಿಯುತ್ತಾರೆ, ಅವರು ಯಾರು ಅಂತ ಆಫೀಸಿನವರಿಗೆ ಗೊತ್ತಾಗಿಬಿಡುತ್ತದೆ. "ವರದಿಯಲ್ಲಿ ಆ ಟೇಬಲ್ ಹಾಕಲ್ಲ ಬಿಡಿ" ಅನ್ನುತ್ತಾರೆ. ಹಾಕದಿದ್ದರೂ ಶೀಟ್ ಯಾರದೋ ಕಂಪ್ಯೂಟರ್‌ನಲ್ಲಿ ಇರುತ್ತದಲ್ಲ. ಮೂರರಲ್ಲಿ ಒಂದನ್ನು ಫಾರ್ಮ್‌ನಿಂದಲೇ ತೆಗೆಸುತ್ತೇನೆ.