ಕಾರ್ಡ್ ಉಜ್ಜಿದರೆ 2% ಜಾಸ್ತಿ ಅಂದಾಗ ಏನು ಮಾಡಬೇಕು?

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಲ್ಯಾಪ್‌ಟಾಪ್ ಬೆಲೆ ಕೇಳಿ ನೋಡಿ, ಒಂದೇ ಉಸಿರಿಗೆ ಎರಡು ರೇಟು ಬರುತ್ತದೆ. ಕ್ಯಾಶ್ ಆದರೆ ಇಷ್ಟು, ಕಾರ್ಡ್ ಆದರೆ 2% ಎಕ್ಸ್‌ಟ್ರಾ. ಚಿನ್ನದ ಅಂಗಡಿಯಲ್ಲೂ ಇದೇ ಮಾತು, ಟೈಲ್ಸ್ ಅಂಗಡಿಯಲ್ಲೂ ಇದೇ. ಲಾಭ ಕಡಿಮೆ ಇರುವ ವ್ಯಾಪಾರದಲ್ಲೆಲ್ಲ ಈ 2% ಎದುರಾಗುತ್ತದೆ. ಕೊಡಬೇಕಾ, ಚೌಕಾಸಿ ಮಾಡಬೇಕಾ, ಎದ್ದು ಬರಬೇಕಾ? ಅದನ್ನು ತೀರ್ಮಾನಿಸುವ ಮೊದಲು ನಿಮ್ಮ ಕೈಯಲ್ಲಿರುವುದು ಡೆಬಿಟ್ ಕಾರ್ಡೋ ಕ್ರೆಡಿಟ್ ಕಾರ್ಡೋ ನೋಡಿಕೊಳ್ಳಿ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿದ್ದರೆ ಮಾತಾಡುವುದು ಸುಲಭ. ನೀವು 50,000 ರೂಪಾಯಿಗೆ ಕಾರ್ಡ್ ಉಜ್ಜಿದರೆ ಅಂಗಡಿಯವರ ಖಾತೆಗೆ ಪೂರ್ತಿ 50,000 ಬರುವುದಿಲ್ಲ. ಮಷೀನ್ ಕೊಟ್ಟ ಬ್ಯಾಂಕ್ ಒಂದಷ್ಟು ಮುರಿದುಕೊಂಡು ಉಳಿದದ್ದನ್ನು ಹಾಕುತ್ತದೆ. ಇದೇ ಎಂಡಿಆರ್, ಅಂದರೆ ಮರ್ಚೆಂಟ್ ಡಿಸ್ಕೌಂಟ್ ರೇಟ್. ಕ್ರೆಡಿಟ್ ಕಾರ್ಡಿಗೆ ಇದು ಸಾಮಾನ್ಯವಾಗಿ 2% ಆಸುಪಾಸು, ಅದರ ಮೇಲೆ 18% ಜಿಎಸ್‌ಟಿ. ಅದರಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಸ್ವಲ್ಪ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದ ನೆಟ್‌ವರ್ಕಿಗೆ, ಇನ್ನು ಸ್ವಲ್ಪ ಮಷೀನ್ ಬ್ಯಾಂಕಿಗೆ. ನಿಮಗೆ ಪುಕ್ಕಟೆ ಅನಿಸುವ ರಿವಾರ್ಡ್ ಪಾಯಿಂಟು, ಏರ್‌ಪೋರ್ಟ್ ಲೌಂಜು ಇವಕ್ಕೆಲ್ಲ ದುಡ್ಡು ಹುಟ್ಟುವ ಜಾಗಗಳಲ್ಲಿ ಇದೂ ಒಂದು. ಅಂಗಡಿಯವರು ಭರಿಸಬೇಕಾದ ಖರ್ಚು ಇದು. ಅವರು ಅದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ, ಅಷ್ಟೇ.

ಡೆಬಿಟ್ ಕಾರ್ಡ್ ಆಗಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಆರ್‌ಬಿಐ 2018ರ ಜನವರಿ 1ರಿಂದ ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗಿನ ವಹಿವಾಟಿನ ಚಿಕ್ಕ ಅಂಗಡಿಗೆ ಹೆಚ್ಚೆಂದರೆ 0.40%, ಅದೂ ಒಂದು ವ್ಯವಹಾರಕ್ಕೆ 200 ರೂಪಾಯಿ ಮೀರಬಾರದು. ದೊಡ್ಡ ಅಂಗಡಿಗೆ 0.90%, ಮಿತಿ 1,000 ರೂಪಾಯಿ. ಇದನ್ನು ಗಿರಾಕಿಯಿಂದ ವಸೂಲಿ ಮಾಡದಂತೆ ನೋಡಿಕೊಳ್ಳಿ ಅಂತ ಬ್ಯಾಂಕುಗಳಿಗೂ ಹೇಳಿದೆ. ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿಯಿಂದ ಎಂಡಿಆರ್ರೇ ಇಲ್ಲ. ಈಗ ಲೆಕ್ಕ ಹಾಕಿ. 3 ಲಕ್ಷದ ಒಡವೆಗೆ 2% ಅಂದರೆ 6,000 ರೂಪಾಯಿ. ಡೆಬಿಟ್ ಕಾರ್ಡಿನಲ್ಲಿ ಅಂಗಡಿಯವರಿಗೆ ನಿಜವಾಗಿ ತಗಲುವುದು ಹೆಚ್ಚೆಂದರೆ 1,000, ಜಿಎಸ್‌ಟಿ ಸೇರಿದರೆ 1,180. ಉಳಿದ 4,820 ಯಾರ ಜೇಬಿಗೆ?

ಜಗಳ ಬೇಕಾಗಿಲ್ಲ. "ಸಾರ್, ಇದು ಡೆಬಿಟ್ ಕಾರ್ಡು, ಎಕ್ಸ್‌ಟ್ರಾ ಹಾಕೋ ಹಾಗಿಲ್ಲ ಅಲ್ವಾ?" ಅಂತ ಮೆಲ್ಲಗೆ ಕೇಳಿ. ಎಷ್ಟೋ ಸಲ ಕೌಂಟರ್‌ನಲ್ಲಿರುವ ಹುಡುಗ ಡೆಬಿಟ್, ಕ್ರೆಡಿಟ್ ಅಂತ ನೋಡದೆ ಎಲ್ಲರಿಗೂ ಒಂದೇ ಡೈಲಾಗ್ ಹೊಡೆಯುತ್ತಿರುತ್ತಾನೆ. ಬಗ್ಗದಿದ್ದರೆ ಇನ್ನೊಂದು ಮಾತಿದೆ: "ಸರಿ, ಆ ದುಡ್ಡನ್ನ ಬಿಲ್‌ನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ ಕೊಡಿ." ಬರವಣಿಗೆಯಲ್ಲಿ ಕೊಡಲು ಯಾರಿಗೂ ಇಷ್ಟವಿರುವುದಿಲ್ಲ. ಅಲ್ಲಿಗೆ ಓನರ್ ಬಂದು "ಹೋಗ್ಲಿ ಬಿಡಪ್ಪ" ಅನ್ನುವ ಸಾಧ್ಯತೆ ಜಾಸ್ತಿ.

ಕ್ರೆಡಿಟ್ ಕಾರ್ಡಿನ ಕಥೆ ಬೇರೆ. ಅಲ್ಲಿ ಎಂಡಿಆರ್‌ಗೆ ಆರ್‌ಬಿಐ ಮಿತಿ ಇಲ್ಲ, ಅಂಗಡಿಯವರಿಗೆ ನಿಜಕ್ಕೂ 2% ಹತ್ತಿರ ಹೋಗುತ್ತದೆ. ಗಿರಾಕಿಗೆ ಹಾಕಬಾರದು ಅಂತ ಬ್ಯಾಂಕಿನ ಜೊತೆಗಿನ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಆದರೆ ಕೌಂಟರ್ ಮುಂದೆ ನಿಂತು ಕರಾರು ಓದಿಸಲು ಆಗುತ್ತದಾ? ಹಾಗಾಗಿ ಇಲ್ಲಿ ಲೆಕ್ಕವೇ ನಿಮ್ಮ ಅಸ್ತ್ರ. 50,000ಕ್ಕೆ 2% ಅಂದರೆ 1,000 ಹೋಯಿತು. ಬಂದದ್ದೇನು? ಮಾಮೂಲಿ ಕಾರ್ಡಿನ ಪಾಯಿಂಟುಗಳಿಗೆ 0.5% ಬೆಲೆ ಅಂತಿಟ್ಟುಕೊಂಡರೆ 250 ರೂಪಾಯಿ. ಬಿಲ್ ಕಟ್ಟುವವರೆಗೆ ದುಡ್ಡು 45 ದಿನ ನಿಮ್ಮ ಉಳಿತಾಯ ಖಾತೆಯಲ್ಲೇ ಇತ್ತು, 3% ಬಡ್ಡಿ ಅಂದರೆ ಸುಮಾರು 185. ಎರಡೂ ಸೇರಿ 435. ಅಂದರೆ 565 ರೂಪಾಯಿ ಕೈಯಿಂದ ಕಳೆದುಕೊಂಡು "ಪಾಯಿಂಟ್ ಬಂತು" ಅಂತ ಖುಷಿಪಟ್ಟ ಹಾಗಾಯಿತು. ಹೀಗೆ ಮೇಲೆ ಹಾಕುವ ಸರ್‌ಚಾರ್ಜ್ ಇದ್ದರೆ ಕ್ರೆಡಿಟ್ ಕಾರ್ಡ್ ಒಳಗಿಡಿ. ಆ ಬ್ಯಾಂಕಿನ ಕಾರ್ಡಿಗೆ 5%, 10% ಡಿಸ್ಕೌಂಟ್ ಆಫರ್ ಇದ್ದಾಗ ಮಾತ್ರ ಈ ಲೆಕ್ಕ ತಿರುಗುತ್ತದೆ.

ಬದಲಿಗೆ ಏನು? ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿ, ಅಂಗಡಿಯವರಿಗೂ ಎಂಡಿಆರ್ ಇಲ್ಲ. ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ ಇರುತ್ತದೆ, ಅದಕ್ಕಿಂತ ದೊಡ್ಡ ಮೊತ್ತವಾದರೆ ನೆಫ್ಟ್, ಅಂದರೆ ಖಾತೆಯಿಂದ ಖಾತೆಗೆ ದುಡ್ಡು ಕಳಿಸುವ ದಾರಿ, ಇದೆ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ನೆಫ್ಟ್ ಮಾಡಿದರೆ 2020ರಿಂದ ಶುಲ್ಕವಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡಿದ್ದರೆ ಚಿಕ್ಕ ಅಂಗಡಿಗಳಲ್ಲಿ 2,000 ರೂಪಾಯಿವರೆಗೆ ಅವರಿಗೂ ಖರ್ಚಿಲ್ಲ, ನಿಮಗೂ ಪಾಯಿಂಟು ಸಿಗಬಹುದು. ದಿನಸಿಗೆ, ಔಷಧಿಗೆ ಇದು ಒಳ್ಳೆಯ ದಾರಿ.

ಕ್ಯಾಶ್ ರೇಟಿಗೆ ಮರುಳಾಗುವ ಮುನ್ನ ಒಂದು ಪ್ರಶ್ನೆ ಕೇಳಿ: "ಆ ರೇಟಿಗೆ ಜಿಎಸ್‌ಟಿ ಬಿಲ್ ಕೊಡ್ತೀರಾ?" ಕೆಲವು ಕಡೆ ಕ್ಯಾಶ್ ರೇಟು ಅಂದರೆ ಬಿಲ್ ಇಲ್ಲದ ರೇಟು. ಲ್ಯಾಪ್‌ಟಾಪ್ ಆರು ತಿಂಗಳಿಗೆ ಕೆಟ್ಟರೆ ವಾರಂಟಿಗೆ ಬಿಲ್ ಕೇಳುತ್ತಾರೆ, ಆಗ 2% ಉಳಿಸಿದ್ದು ನೆನಪಿಗೂ ಬರುವುದಿಲ್ಲ.

ಅಂಗಡಿಯವರು ಬಾಯಿಬಿಟ್ಟು ಹೇಳುವ ಸರ್‌ಚಾರ್ಜ್ ಹೇಗೋ ಕಾಣಿಸುತ್ತದೆ. ಹೇಳದೇ ಬೀಳುವವು ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಸಿಗುತ್ತವೆ. ಪೆಟ್ರೋಲ್ ಬಂಕ್ ನೋಡಿ. ಕ್ರೆಡಿಟ್ ಕಾರ್ಡಿನಲ್ಲಿ 2,000ಕ್ಕೆ ಪೆಟ್ರೋಲ್ ಹಾಕಿಸಿದರೆ ಸಾಮಾನ್ಯವಾಗಿ 1% ಸರ್‌ಚಾರ್ಜ್, ಅಂದರೆ 20 ರೂಪಾಯಿ, ಮೇಲೆ 3.60 ಜಿಎಸ್‌ಟಿ. "ಫ್ಯೂಯಲ್ ಸರ್‌ಚಾರ್ಜ್ ವೇವರ್", ಅಂದರೆ ಆ ಸರ್‌ಚಾರ್ಜಿಗೆ ಮನ್ನಾ, ಇರುವ ಕಾರ್ಡ್ ಆದರೆ ಆ 20 ವಾಪಸ್ ಬರುತ್ತದೆ. 3.60 ಬರುವುದಿಲ್ಲ. ವೇವರ್‌ಗೂ ಇಷ್ಟರಿಂದ ಇಷ್ಟರವರೆಗೆ ಅಂತ ಮಿತಿ ಇರುತ್ತದೆ, ಹಲವು ಕಾರ್ಡುಗಳಲ್ಲಿ 400ರಿಂದ 5,000. ಹಾಗಾಗಿ ಸ್ಕೂಟರಿಗೆ 200 ರೂಪಾಯಿ ಪೆಟ್ರೋಲ್ ಹಾಕಿಸಿ ಕಾರ್ಡ್ ಕೊಟ್ಟರೆ ವೇವರ್ ಸಿಗುವುದು ಕಷ್ಟ. ಎಷ್ಟೋ ಕಾರ್ಡುಗಳು ಪೆಟ್ರೋಲಿಗೆ ಪಾಯಿಂಟೂ ಕೊಡುವುದಿಲ್ಲ.

ರೈಲು ಟಿಕೆಟ್‌ನಲ್ಲೂ ಹೀಗೇ. ಐಆರ್‌ಸಿಟಿಸಿ ಕನ್ವೀನಿಯೆನ್ಸ್ ಫೀ ಯುಪಿಐಗೆ 10 ಅಥವಾ ಎಸಿ ಟಿಕೆಟಿಗೆ 20 ರೂಪಾಯಿ, ಕಾರ್ಡಿಗೆ 15 ಅಥವಾ 30, ಮೇಲೆ ಜಿಎಸ್‌ಟಿ. ಕ್ರೆಡಿಟ್ ಕಾರ್ಡ್ ಆದರೆ ಪೇಮೆಂಟ್ ಗೇಟ್‌ವೇ ಶುಲ್ಕ ಬೇರೆ.

ವಿದೇಶಕ್ಕೆ ಹೋಗುವವರು ಇದೊಂದನ್ನು ಮರೆಯಬೇಡಿ. ದುಬೈಯಲ್ಲೋ ಸಿಂಗಾಪುರದಲ್ಲೋ ಮಷೀನ್ "ರೂಪಾಯಿಯಲ್ಲಿ ಕೊಡ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ಅಲ್ಲಿನವರು ತಮಗೆ ಬೇಕಾದ ರೇಟಿಗೆ ಬದಲಾಯಿಸುತ್ತಾರೆ. ನಿಮ್ಮ ಬ್ಯಾಂಕು ವಿದೇಶಿ ಖರ್ಚಿಗೆ ಹಾಕುವ ಶುಲ್ಕ, ಅಂದರೆ ಫಾರೆಕ್ಸ್ ಮಾರ್ಕಪ್, ಹಲವು ಕಾರ್ಡುಗಳಲ್ಲಿ 3.5% ಇದೆ, ಮೇಲೆ ಜಿಎಸ್‌ಟಿ. ಅದೇ ಸಾಕಲ್ವಾ?

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆಯಲೇಬೇಡಿ. ಸಾಮಾನ್ಯವಾಗಿ 2.5% ಶುಲ್ಕ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ.

ಇಷ್ಟೆಲ್ಲ ಹೇಳಿದ 2%, 1% ಒಂದು ತೂಕವಾದರೆ, ಬಡ್ಡಿಯೇ ಇನ್ನೊಂದು ತೂಕ. ಬಿಲ್ 30,000 ಬಂತು, ಕೈ ಬಿಗಿ ಇದೆ ಅಂತ "ಮಿನಿಮಮ್ ಡ್ಯೂ", ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 1,500 ಕಟ್ಟಿದಿರಿ. ಲೇಟ್ ಫೀ ತಪ್ಪಿತು, ನಿಜ. ಉಳಿದ 28,500ಕ್ಕೆ ತಿಂಗಳಿಗೆ 3.5% ಬಡ್ಡಿ ಅಂದರೆ ಸುಮಾರು 1,000, ಆ ಬಡ್ಡಿಗೂ 18% ಜಿಎಸ್‌ಟಿ, ಇನ್ನೊಂದು 180. ಮುಂದಿನ ತಿಂಗಳು ಮತ್ತೆ 1,500 ಕಟ್ಟಿದರೆ ಅಸಲು ಕರಗುವುದು ಬರೀ 300 ಚಿಲ್ಲರೆ. ಸಾಲದ್ದಕ್ಕೆ ಹಳೇ ಬಾಕಿ ಇರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ ಹಾಕಿಸಿ, ಮಿನಿಮಮ್‌ಗೆ ಅಲ್ಲ. ಪ್ರತಿ ತಿಂಗಳು ಪೂರ್ತಿ ಕಟ್ಟಲು ಆಗದವರಿಗೆ ಕ್ರೆಡಿಟ್ ಕಾರ್ಡ್ ಬೇಡವೇ ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಂತ ಕಾರ್ಡ್ ಕೆಟ್ಟದ್ದಾ? ಆನ್‌ಲೈನ್‌ನಲ್ಲಿ ಗೊತ್ತಿಲ್ಲದವರಿಂದ ಏನಾದರೂ ಕೊಳ್ಳುವಾಗ ನಾನಂತೂ ಕ್ರೆಡಿಟ್ ಕಾರ್ಡನ್ನೇ ಬಳಸುತ್ತೇನೆ. ಸಾಮಾನು ಬರಲಿಲ್ಲ, ಎರಡು ಸಲ ದುಡ್ಡು ಕಟ್ಟಾಯಿತು ಅಂದರೆ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್, ಅಂದರೆ ಆ ದುಡ್ಡನ್ನು ವಾಪಸ್ ಕೇಳಬಹುದು. ವಿಚಾರಣೆ ನಡೆಯುವಾಗ ಸಿಕ್ಕಿಕೊಂಡಿರುವುದು ಬ್ಯಾಂಕಿನ ದುಡ್ಡು, ನಿಮ್ಮ ಸಂಬಳದ ಖಾತೆ ಖಾಲಿಯಾಗಿರುವುದಿಲ್ಲ. ಯುಪಿಐನಲ್ಲಿ ಕಳಿಸಿದ ದುಡ್ಡನ್ನು ವಾಪಸ್ ತರಿಸುವುದು ಇಷ್ಟು ಸುಲಭವಲ್ಲ.

ಕಾರ್ಡಿನಲ್ಲಿ ನೀವು ಮಾಡದ ಖರ್ಚು ಕಂಡರೆ ಮೊದಲು ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಬ್ಯಾಂಕಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದು ಅಂತ ಆರ್‌ಬಿಐನ 2017ರ ಸುತ್ತೋಲೆ ಹೇಳುತ್ತದೆ. ಒಟಿಪಿಯನ್ನು ನೀವೇ ಹೇಳಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ದೂರು ಕೊಟ್ಟು 30 ದಿನ ಕಳೆದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಹೇಗೆ ಅಂತ ಕೇಳಲು 14448ಕ್ಕೆ ಕರೆ ಮಾಡಿ.